ಹೊಸೂರಿನ ಗೋಡೌನ್‌ನಲ್ಲಿ ದಿನಾ ಡಿಸ್ಪ್ಯಾಚ್ ತಡ: ಸಾಫ್ಟ್‌ವೇರ್ ಹಾಕಿಸಿದರೆ ಸರಿಹೋಗುತ್ತಾ?

ಹೊಸೂರಲ್ಲಿ ಬೇರೆ ಕಂಪನಿಗಳ ಮಾಲು ಇಟ್ಟು ಕಳಿಸುವ ಗೋಡೌನ್ ನಿಮ್ಮದು. ಡಿಸ್ಪ್ಯಾಚ್ ತಡ ಅಂತ ಪಾರ್ಟಿಗಳು ಬಯ್ಯುತ್ತಿದ್ದಾರೆ, ಸಾಫ್ಟ್‌ವೇರ್ ಕೊಳ್ಳಲಾ ಅಂತ ಕೇಳಿದ್ದೀರಿ. ನಾನೂ ಇದೇ ಊರಲ್ಲಿ ಇದೇ ಕೆಲಸದವನು. ಈಗಲೇ ಬೇಡ ಅಂತೀನಿ. ಮೊದಲು ಒಂದು ದಿನ ಪಿಕಿಂಗ್ ಹುಡುಗನ, ಅಂದರೆ ಆರ್ಡರ್ ನೋಡಿ ಮಾಲು ಹುಡುಕಿ ತೆಗೆಯುವವನ, ಹಿಂದೆ ಸುಮ್ನೆ ನಡೆಯಿರಿ.

ನಾನು ನಡೆದೆ. ಎಲ್ಲಕ್ಕಿಂತ ಜಾಸ್ತಿ ಓಡುವ ಬಿಸ್ಕತ್ತಿನ ಬಾಕ್ಸುಗಳು ಕೊನೇ ಗೋಡೆಗೆ ಅಂಟಿಕೊಂಡಿದ್ದವು. ಯಾಕೆ ಗೊತ್ತಾ? ಗೋಡೌನ್ ತೆರೆದ ದಿನ ಮೊದಲು ಬಂದ ಲಾರಿ ಅದು. ಜಾಗ ಖಾಲಿ ಇತ್ತು, ಒಳಗೆ ತಳ್ಳಿದ್ದರು, ಅಷ್ಟೇ. ಬೇಸಿಗೆ ಬಿಟ್ಟರೆ ಅಲುಗಾಡದ ಫ್ಯಾನಿನ ಡಬ್ಬಗಳು ಮಾತ್ರ ಬಾಗಿಲ ಪಕ್ಕ ಆರಾಮಾಗಿ ಕೂತಿದ್ದವು!

ಮೂರು ತಿಂಗಳ ಲೆಕ್ಕ ತೆಗೆದು, ಯಾವ ಮಾಲು ಎಷ್ಟು ಸಲ ಹೊರಟಿದೆ ಅಂತ ಎಣಿಸಿದೆವು. ಎಷ್ಟು ಬಾಕ್ಸ್ ಅಂತಲ್ಲ, ಎಷ್ಟು ಸಲ. ಹುಡುಗ ನಡೆಯುವುದು ಸಲದ ಲೆಕ್ಕದಲ್ಲಿ ಅಲ್ವಾ? ಒಂದು ಭಾನುವಾರ ಕೂತು ಎಲ್ಲ ಅದಲುಬದಲು ಮಾಡಿದೆವು. ತಿನ್ನುವ ಮಾಲಿನಲ್ಲಿ ಮೊದಲು ಬಂದದ್ದಲ್ಲ, ಮೊದಲು ಎಕ್ಸ್‌ಪೈರಿ ಆಗುವುದು ಮುಂದೆ.

ಆಮೇಲೆ ಗುರುತು. ನಮ್ಮಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕೂ ಆಡುವವರಿದ್ದಾರೆ. ಯಾವ ಲಿಪಿಯಲ್ಲಿ ಬರೆದರೂ ಯಾರೋ ಒಬ್ಬರಿಗೆ ಓದಲು ಬರಲ್ಲ. ಅದಕ್ಕೇ ರ‍್ಯಾಕಿನ ಸಾಲಿಗೊಂದು ಬಣ್ಣ, ಬಿನ್ನಿಗೊಂದು, ಅಂದರೆ ಮಾಲಿಡುವ ಖಾನೆಗೊಂದು, ನಂಬರ್. 'ಕೆಂಪು 14' ಅಂದರೆ ಎಲ್ಲರೂ ಒಂದೇ ಕಡೆ ಹೋಗುತ್ತಾರೆ. ದಿನಾ ಬೆಳಿಗ್ಗೆ 20 ಬಿನ್ ಎಣಿಸಿ ಸ್ಟಾಕ್ ತಾಳೆ ನೋಡುತ್ತೇವೆ. ವರ್ಷಕ್ಕೊಮ್ಮೆ ಬಾಗಿಲು ಮುಚ್ಚಿ ಎಣಿಸುವ ಗೋಳು ತಪ್ಪಿತು.

ಇನ್ನು ಗಡಿಯ ತಲೆನೋವು. ಇಲ್ಲಿಂದ ತಮಿಳುನಾಡಿನೊಳಗೇ ಕೃಷ್ಣಗಿರಿಗೆ ಮಾಲು 1 ಲಕ್ಷ ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು, ಅಂದರೆ ಮಾಲು ಸಾಗಿಸಲು ಜಿಎಸ್‌ಟಿಯ ಆನ್‌ಲೈನ್ ಬಿಲ್. ಅತ್ತಿಬೆಲೆ ದಾಟಿ ಕರ್ನಾಟಕಕ್ಕೆ ಹೋಗುವುದಾದರೆ 50 ಸಾವಿರ ಮೀರಿದರೇ ಬೇಕು. ಒಮ್ಮೆ ಬಿಲ್ ಮಾಡಿದ ಮೇಲೆ ಲಾರಿ ಕೆಟ್ಟಿತು. ಬೇರೆ ಗಾಡಿಗೆ ತುಂಬಿದೆವು, ಬಿಲ್ಲಿನಲ್ಲಿ ನಂಬರ್ ಬದಲಿಸಲು ಮರೆತೆವು. ತಪ್ಪು ನಮ್ಮದೇ. ಅತ್ತಿಬೆಲೆ ಆಚೆ ಹಿಡಿದರು, ಸಂಜೆವರೆಗೂ ಗಾಡಿ ರಸ್ತೆ ಬದಿ ನಿಂತಿತು. ಈಗ ಲೋಡ್ ಮಾಡಿಸಿದವನೇ ಗಾಡಿ ಮುಂದೆ ನಿಂತು ಪ್ಲೇಟ್ ನೋಡಿ ನಂಬರ್ ಓದಬೇಕು. ಚೀಟಿ ನೋಡಿ ಹೇಳುವಂತಿಲ್ಲ.

ಸಾಫ್ಟ್‌ವೇರ್ ನಾವು ಹಾಕಿಸಿದ್ದು ಎಂಟು ತಿಂಗಳು ಬಿಟ್ಟು. ಅದರಲ್ಲೂ 'ಕೆಂಪು 14' ಅಂತಲೇ ತುಂಬಿಸಿದ್ದೇವೆ.