ಟೀಚರ್‌ಗೆ ಕೇಳಿ: ಲೇಜಿಮ್ ಹುಡುಗಿಯರನ್ನು ಮೈದಾನಕ್ಕೆ ಬಿಡಬಾರದೇ?

(ಕೊಪ್ಪಳ ತಾಲ್ಲೂಕಿನಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಟೀಚರ್ ಆಗಿದ್ದು ನಿವೃತ್ತರಾದವರು ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ. ನವೆಂಬರ್ 2021)

ಪ್ರಶ್ನೆ: ನಮಸ್ಕಾರ ಟೀಚರ್. ನನ್ನ ಮಗಳು ಇಲ್ಲಿ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಲೇಜಿಮ್ ತಂಡದಲ್ಲಿದ್ದಾಳೆ. ಕಬಡ್ಡಿ, ಖೋಖೋ ಪಂದ್ಯ ಇದ್ದಾಗ ಈ ತಂಡ ಪಕ್ಕದಲ್ಲಿ ನಿಂತು ಲೇಜಿಮ್ ಮಾಡಿ, ಡ್ರಮ್ ಬಾರಿಸಿ ಆಡುವವರಿಗೆ ಹುರುಪು ತುಂಬುತ್ತದೆ. ಈಗ ಶಾಲೆ ಶುರುವಾಗಿದೆ, ಕಬಡ್ಡಿ ಪ್ರಾಕ್ಟೀಸೂ ಶುರುವಾಗಿದೆ. ಇವರಿಗೆ ಮಾತ್ರ "ಕೊರೊನಾ ಪೂರ್ತಿ ಹೋಗಲಿ, ನೀವೇನು ಆಡುವವರಲ್ಲವಲ್ಲ" ಅಂದಿದ್ದಾರೆ. ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ. ಅಮೆರಿಕದಲ್ಲಿ ನಮ್ಮ ಮೈದುನನ ಮಗಳು ಶಾಲೆಯ ಚಿಯರ್‌ಲೀಡರ್. ಅವರನ್ನೂ ಮೊದಲು ತಡೆದು, ಆಮೇಲೆ ಬಿಟ್ಟರಂತೆ. ಇಲ್ಲಿ ಬಿಟ್ಟರೆ ತಪ್ಪೇ?
— ಒಬ್ಬ ತಾಯಿ, ಸಿಂಧನೂರು

ಉತ್ತರ: ತಪ್ಪಿಲ್ಲ ತಂಗೀ. ಬಿಡಬೇಕು.

ಒಮ್ಮೆ ಲೇಜಿಮ್ ಕೈಯಲ್ಲಿ ಹಿಡಿದು ನೋಡಿ. ಮರದ ಹಿಡಿ, ಸರಪಳಿ, ಸರಪಳಿ ತುಂಬ ತಗಡಿನ ಬಿಲ್ಲೆ. ಬಗ್ಗಿ ಎದ್ದು ಪಕ್ಕಕ್ಕೆ ತಿರುಗುವಾಗ ಅದು ಪಕ್ಕದವಳಿಗೆ ತಾಗಬಾರದು. ಅದಕ್ಕೇ ಸಾಲು ನಿಲ್ಲಿಸುವಾಗ ಎರಡೂ ಕೈ ಚಾಚಿಸಿ ಜಾಗ ಬಿಡಿಸುತ್ತೇವೆ. ಕೊರೊನಾದ ಹೆಸರು ಕೇಳುವ ಎಷ್ಟೋ ವರ್ಷ ಮೊದಲೇ ನಮ್ಮ ಸಾಲಿನಲ್ಲಿ ಅಂತರ ಇತ್ತು. ಇನ್ನು ಕಬಡ್ಡಿ ನೋಡಿ. ರೇಡಿಗೆ ಹೋದವಳು ಜೋರಾಗಿ ಕಬಡ್ಡಿ ಕಬಡ್ಡಿ ಅನ್ನುತ್ತಲೇ ಇರಬೇಕು. ಎದುರಿಗೆ ಏಳು ಜನ. ಹಿಡಿದರೆ ಮೂರು ನಾಲ್ಕು ಮಂದಿ ಮೈಮೇಲೆ ಬೀಳುತ್ತಾರೆ, ಮುಖಕ್ಕೆ ಮುಖ. ಅವರನ್ನು ಬಿಟ್ಟು, ಬಯಲಲ್ಲಿ ದೂರ ದೂರ ನಿಲ್ಲುವವರನ್ನು ತಡೆದರೆ ಅದರಲ್ಲಿ ರೋಗದ ಲೆಕ್ಕ ಎಲ್ಲಿದೆ? ಇವರು ಇಲ್ಲದಿದ್ದರೂ ನಡೆಯುತ್ತದೆ ಅನ್ನುವ ಲೆಕ್ಕ ಅಷ್ಟೇ. ನನಗೆ ಸಂಕಟ ಆಗುವುದು ಅಲ್ಲಿ.

ನಿಮ್ಮ ಮೈದುನನ ಮಗಳನ್ನು ತಡೆದದ್ದಕ್ಕೆ ಕಾರಣ ಇತ್ತು. ಅಮೆರಿಕದ ಹೈಸ್ಕೂಲು ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟ 2020ರ ಮೇ ತಿಂಗಳಲ್ಲಿ ಆಟಗಳನ್ನು ಅಪಾಯದ ಮೇಲೆ ಮೂರು ಗುಂಪು ಮಾಡಿತು. ಸ್ಪರ್ಧೆಗೆ ಹೋಗುವ ಚಿಯರ್ ತಂಡಗಳು ಕುಸ್ತಿ, ಅಮೆರಿಕನ್ ಫುಟ್‌ಬಾಲ್ ಜೊತೆ ಹೆಚ್ಚು ಅಪಾಯದ ಗುಂಪಿಗೆ ಬಿದ್ದವು. ಅಲ್ಲಿ ಒಬ್ಬಳನ್ನು ನಾಲ್ಕು ಜನ ಎತ್ತುತ್ತಾರೆ, ಹೆಗಲ ಮೇಲೆ ನಿಲ್ಲಿಸುತ್ತಾರೆ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ನಮ್ಮ ಶಾಲೆಗಳ ಪಿರಮಿಡ್‌ಗೂ ಇದೇ ಮಾತು ಸಲ್ಲುತ್ತದೆ. ಈ ವರ್ಷ ಪಿರಮಿಡ್ ಬೇಡ ಅಂತ ನಾನೂ ಹೇಳುತ್ತೇನೆ. ಆದರೆ ಎತ್ತುವುದು ಬೇರೆ, ನಿಂತ ಜಾಗದಲ್ಲೇ ಕುಣಿಯುವುದು ಬೇರೆ ಅಲ್ವಾ? 2020ರ ಮೇ 5ರಂದು ದಕ್ಷಿಣ ಕೊರಿಯಾದಲ್ಲಿ ಬೇಸ್‌ಬಾಲ್ ಲೀಗ್ ಶುರುವಾದಾಗ ನೋಡಲು ಒಬ್ಬರನ್ನೂ ಬಿಟ್ಟಿರಲಿಲ್ಲ. ಚಿಯರ್‌ಲೀಡರ್ ಹುಡುಗಿಯರು ಮಾಸ್ಕ್ ಹಾಕಿಕೊಂಡು ಖಾಲಿ ಕುರ್ಚಿಗಳ ಮುಂದೆ ಕುಣಿದರು. ಆ ಫೋಟೋ ಪೇಪರಿನಲ್ಲಿ ಬಂದಾಗ ನಾನು ತುಂಬ ಹೊತ್ತು ನೋಡಿದ್ದೆ.

ಹುಷಾರಾಗಿರಬೇಕಾದ್ದು ಕೂಗುವ ವಿಷಯದಲ್ಲಿ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹಾಡುವವರ ತಂಡವೊಂದು ಹಾಲ್ ಒಳಗೆ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಸೇರಿದ್ದವರು 61 ಜನ. ಶೀತದ ಲಕ್ಷಣ ಇದ್ದದ್ದು ಒಬ್ಬರಿಗೆ. ಖಚಿತವಾದವರು, ಅನುಮಾನ ಇದ್ದವರು ಸೇರಿ ಇನ್ನೂ 52 ಜನರಿಗೆ ರೋಗ ಬಂತು, ಇಬ್ಬರು ತೀರಿಕೊಂಡರು. ಮುಚ್ಚಿದ ಜಾಗ, ಜೋರು ದನಿ, ಜಾಸ್ತಿ ಹೊತ್ತು, ಮೂರೂ ಕೂಡಿದರೆ ಹೀಗಾಗುತ್ತದೆ. ಹಾಗಾಗಿ ನಿಮ್ಮ ಎಚ್.ಎಂ. ಅವರಿಗೆ ಹೀಗೆ ಹೇಳಿ: ಮೊದಲು ಲೇಜಿಮ್ ಮತ್ತು ಡ್ರಮ್ ಬರಲಿ, ಇವೆರಡಕ್ಕೂ ಬಾಯಿ ಬೇಕಾಗಿಲ್ಲ. ಬಿಗುಲ್, ಕೊಳಲು ಆಮೇಲೆ. ಜೈಕಾರ, ಕೂಗು ಎಲ್ಲಕ್ಕಿಂತ ಕೊನೆಗೆ. ನಲವತ್ತು ಜನರ ತಂಡ ಇದ್ದರೆ ಇಪ್ಪತ್ತರಂತೆ ಎರಡು ಸರದಿ ಮಾಡಲಿ. ಅಭ್ಯಾಸ ಬಯಲಲ್ಲೇ ಆಗಬೇಕು, ಮಳೆ ಬಂತು ಅಂತ ಕೋಣೆಯೊಳಗೆ ನುಗ್ಗಿಸಬಾರದು.

ಮಾಸ್ಕ್ ಬಗ್ಗೆಯೂ ಹೇಳಿಬಿಡುತ್ತೇನೆ. ಜೋರಾಗಿ ವ್ಯಾಯಾಮ ಮಾಡುವಾಗ ಮಾಸ್ಕ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಬೆವರಿಗೆ ಒದ್ದೆಯಾದರೆ ಉಸಿರು ಕಟ್ಟುತ್ತದೆ. ನಮ್ಮ ಕಡೆ ಬಿಸಿಲೂ ಹಾಗೇ ಇದೆ, ಹತ್ತು ಗಂಟೆಗೆ ನೆಲ ಕಾಯುತ್ತದೆ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಒಂಬತ್ತರೊಳಗೆ ಮುಗಿಸಲಿ. ಬರುವಾಗ, ಹೋಗುವಾಗ, ನೀರಿನ ಹತ್ತಿರ ಗುಂಪಾದಾಗ ಮಾಸ್ಕ್ ಇರಲಿ. ಸಾಲಿನಲ್ಲಿ ದೂರ ನಿಂತು ಬೀಸುವಾಗ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಲಿ.

ಈಗ ನನ್ನ ಮನಸ್ಸಿನಲ್ಲಿರುವ ಮಾತು. ಉತ್ತರ ಇಷ್ಟು ಉದ್ದ ಆಗಿದ್ದೇ ಇದಕ್ಕೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ ಮೇಲೆ ನಮ್ಮ ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಹುಡುಗಿಯರು ಹೊಲಕ್ಕೆ ಹೋದರು. ಒಂಬತ್ತು, ಹತ್ತನೇ ತರಗತಿ ಈ ವರ್ಷ ಆಗಸ್ಟ್ 23ಕ್ಕೆ ಶುರುವಾದವು, ಆರರಿಂದ ಎಂಟು ಸೆಪ್ಟೆಂಬರ್ 6ಕ್ಕೆ. ಬಾಗಿಲು ತೆರೆದರೂ ಕೆಲವರು ಹಿಂದಕ್ಕೆ ಬರಲಿಲ್ಲ. ಈಗ ಹತ್ತಿ ಬಿಡಿಸುವ ಕಾಲ ಬೇರೆ.

ಹೋದ ವಾರ ನಮ್ಮ ಮನೆ ಹತ್ತಿರದ ಶಾಲೆಗೆ ಹೋಗಿದ್ದೆ. ಅಲ್ಲಿ ಲೇಜಿಮ್ ಮತ್ತೆ ಶುರು ಮಾಡಿದ್ದಾರೆ. ಎರಡನೇ ಸಾಲಿನ ಒಬ್ಬ ಹುಡುಗಿ ಎರಡು ಬೆರಳಿಗೆ ಹಳೆ ಸೀರೆಯ ಚೂರು ಸುತ್ತಿಕೊಂಡಿದ್ದಳು. ಬಿಚ್ಚಿ ನೋಡಿದರೆ ಉಗುರಿನ ಪಕ್ಕ ಸಣ್ಣ ಸಣ್ಣ ಸೀಳು. ಒಣಗಿದ ಹತ್ತಿ ಕಾಯಿಯ ಮೊನೆ ಹಾಗೇ ಚುಚ್ಚುತ್ತದೆ, ಬಿಡಿಸಿದವರಿಗೆ ಗೊತ್ತು. "ಹೊಲಕ್ಕ ಹೋಗಿದ್ದೇನವ್ವಾ?" ಅಂದೆ. "ಹೌದ್ರೀ ಟೀಚರ್. ಲೇಜಿಮ್ ಐತಿ ಅಂದ್ರು, ಅದಕ್ಕ ಸಾಲಿಗೆ ಬಂದೀನ್ರೀ" ಅಂದಳು. ಹೇಳಿ ಮತ್ತೆ ಬಟ್ಟೆ ಸುತ್ತಿಕೊಂಡು, ಹಲ್ಲಿನಿಂದ ಗಂಟು ಬಿಗಿದು ಸಾಲಿಗೆ ಓಡಿದಳು. ಲೆಕ್ಕಕ್ಕೆ ಸರಿಯಾಗಿ ಬಗ್ಗಿದಳು, ಒಂದು ಹೆಜ್ಜೆಯೂ ತಪ್ಪಲಿಲ್ಲ.

ಕಬಡ್ಡಿ ಆಡಲು ಎಲ್ಲರಿಗೂ ಆಗುವುದಿಲ್ಲ. ಓದಿನಲ್ಲಿ ಮುಂದಿರಲೂ ಎಲ್ಲರಿಗೂ ಆಗುವುದಿಲ್ಲ. ಇಂಥ ಹುಡುಗಿಗೆ ಶಾಲೆ ನಂದು ಅನ್ನಿಸುವುದು ಆ ಸಾಲಿನಲ್ಲಿ ಅವಳಿಗೊಂದು ಜಾಗ ಇದೆ ಅನ್ನುವ ಕಾರಣಕ್ಕೆ. ಆ ಜಾಗ ತೆಗೆದು, ಆಮೇಲೆ ಶಾಲೆಗೆ ಯಾಕೆ ಬರುತ್ತಿಲ್ಲ ಅಂತ ಕೇಳಿದರೆ ಅವಳು ಏನು ಹೇಳಬೇಕು?

ನೀವು ಒಬ್ಬರೇ ಹೋಗಬೇಡಿ. ನಾಲ್ಕು ತಾಯಂದಿರು ಸೇರಿ ಎಸ್‌ಡಿಎಂಸಿ ಸಭೆಗೆ ಹೋಗಿ, ಒಪ್ಪಿಗೆ ಪತ್ರ ಬರೆದುಕೊಡಿ. ಮಕ್ಕಳಿಗೆ ಇನ್ನೂ ಲಸಿಕೆ ಬಂದಿಲ್ಲ, ಅದನ್ನು ಮರೆಯಬೇಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಎರಡೂ ಡೋಸ್ ಆಗಿದೆಯಾ ಅಂತ ಮೊದಲು ನೋಡಿ. ಕೆಮ್ಮು, ಜ್ವರ ಇದ್ದ ದಿನ ಮಗಳನ್ನು ಕಳಿಸಬೇಡಿ, ಎಷ್ಟೇ ಅತ್ತರೂ. ಊರಲ್ಲಿ ಮತ್ತೆ ರೋಗ ಹೆಚ್ಚಾದರೆ ನಿಲ್ಲಿಸಲಿ, ನಾನೇ ಒಪ್ಪುತ್ತೇನೆ. ನಿಲ್ಲಿಸುವುದಾದರೆ ಕಬಡ್ಡಿ, ಲೇಜಿಮ್ ಎರಡನ್ನೂ ಒಂದೇ ದಿನ ನಿಲ್ಲಿಸಲಿ.

ಪ್ರಶ್ನೆ: ಮೇಡಂ, ನಾನು ಪಿ.ಟಿ. ಶಿಕ್ಷಕ. ಲೇಜಿಮ್‌ಗಳಿಗೆ ದಿನಾ ಬ್ಲೀಚಿಂಗ್ ನೀರು ಹೊಡೆಸಬೇಕು ಅನ್ನುತ್ತಾರೆ. ಸರಪಳಿ ತುಕ್ಕು ಹಿಡಿಯುತ್ತಿದೆ. ಏನು ಮಾಡಲಿ?
— ಗಂಗಾವತಿ

ಉತ್ತರ: ಹೊಡೆಸಬೇಡಿ ಸರ್. ಮುಟ್ಟಿದ ವಸ್ತುವಿನಿಂದ ಸೋಂಕು ತಗಲುವ ಅಪಾಯ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಈ ವರ್ಷ ಏಪ್ರಿಲ್‌ನಲ್ಲಿ ಹೇಳಿದೆ. ಹಿಡಿಗೆ ಒಂದೊಂದು ಬಣ್ಣದ ದಾರ ಕಟ್ಟಿ, ಒಂದು ಲೇಜಿಮ್ ಒಬ್ಬಳಿಗೇ ಇರಲಿ. ಅಭ್ಯಾಸಕ್ಕೆ ಮೊದಲು, ಆಮೇಲೆ ಸೋಪಿನಲ್ಲಿ ಕೈ ತೊಳೆಸಿ. ಸೋಪೇ ಇರಲಿ. ಹತ್ತಿ ಬಿಡಿಸಿದ ಬೆರಳಿಗೆ ಸ್ಯಾನಿಟೈಸರ್ ಬಿದ್ದರೆ ಕಣ್ಣಲ್ಲಿ ನೀರು ಬರುತ್ತದೆ.

ಪ್ರಶ್ನೆ: ಟೀಚರ್, ನಾನು ಎಂಟನೇ ತರಗತಿ. ಸೈಡ್ ಡ್ರಮ್ ಬಾರಿಸುತ್ತಿದ್ದೆ. ಡ್ರಮ್ ಶಾಲೆಯ ಕೋಣೆಯಲ್ಲಿ ಬೀಗ ಹಾಕಿಟ್ಟಿದ್ದಾರೆ. ಮರೆತುಹೋಗುತ್ತೆ ಅಂತ ಭಯ.
— ಬಳ್ಳಾರಿ

ಉತ್ತರ: ಮರೆಯಲ್ಲ ಮಗಳೇ. ಮನೆಯಲ್ಲಿ ಕೌದಿ ಇದೆಯಲ್ಲ, ಅದನ್ನು ನಾಲ್ಕು ಮಡಿಕೆ ಮಾಡಿ ಮುಂದೆ ಇಟ್ಟುಕೋ. ಎರಡು ಕಡ್ಡಿ ತಗೋ, ತೂಕ ಒಂದೇ ಇರಬೇಕು. ಕೌದಿ ಮೇಲೆ ಕಡ್ಡಿ ಪುಟಿಯುವುದಿಲ್ಲ, ಹಾಗಾಗಿ ಮಣಿಕಟ್ಟು ತಾನೇ ಎತ್ತಿ ಇಳಿಸಬೇಕು, ಅದರಿಂದ ಕೈ ಗಟ್ಟಿಯಾಗುತ್ತದೆ. ಎಡ ಎಡ, ಬಲ ಬಲ. ಮೊದಲು ತೀರಾ ನಿಧಾನ, ಪೆಟ್ಟು ಸಮ ಬಂದ ಮೇಲೆ ಜೋರು. ಜೊತೆಗೆ ನಿಂತಲ್ಲೇ ಕಾಲು ಹಾಕು. ಎಡಗಾಲು ನೆಲಕ್ಕೆ ಬೀಳುವಾಗ ದೊಡ್ಡ ಡ್ರಮ್ಮಿನ ಪೆಟ್ಟು ಬೀಳುತ್ತದೆ, ಅದನ್ನು ಮನಸ್ಸಿನಲ್ಲೇ ಎಣಿಸು. ದಿನಾ ಹತ್ತು ನಿಮಿಷ ಮಾಡು. ಕೋಣೆಯ ಬೀಗ ತೆಗೆದ ದಿನ ನನಗೊಂದು ಕಾರ್ಡ್ ಬರಿ.