ಟಿವಿ ಚಿತ್ರ: ನಾವೇ ಸರಿಪಡಿಸಬಹುದೇ?

ಪ್ರಶ್ನೆ: ನಮ್ಮ ಹೊಸ ಟಿವಿಯಲ್ಲಿ ಎಲ್ಲರ ಮುಖವೂ ನೀಲಿ ಹೊಡೆಯುತ್ತದೆ. ತಜ್ಞರನ್ನು ಕರೆಸಬೇಕೇ?

ಉತ್ತರ: ಮೊದಲು ನೀವೇ ಕೈಹಾಕಿ. ‘ವಿವಿಡ್’ ಬಿಟ್ಟು ‘ಸಿನಿಮಾ’ ಮೋಡ್‌ಗೆ ಬನ್ನಿ, ಬಣ್ಣದ ತಾಪಮಾನವನ್ನು, ಅಂದರೆ ಬಿಳಿ ಎಷ್ಟು ನೀಲಿ ಅಥವಾ ಹಳದಿಯತ್ತ ವಾಲಬೇಕೆಂಬ ಆಯ್ಕೆಯನ್ನು, ‘ವಾರ್ಮ್’ಗೆ ಇಡಿ. ಮೊದಮೊದಲು ಪರದೆ ಹಳದಿಯಾಗಿ ಕಾಣುತ್ತದೆ. ದಯವಿಟ್ಟು ಹಿಂದಕ್ಕೆ ಬದಲಿಸಬೇಡಿ. ಟಿವಿಗಾಗಿ ಚಿತ್ರ ಸಿದ್ಧವಾಗುವುದೇ ಸುಮಾರು 6500 ಕೆಲ್ವಿನ್‌ನ ಬಿಳಿಗೆ (ಕೆಲ್ವಿನ್ ಎಂದರೆ ಬಣ್ಣದ ತಾಪಮಾನದ ಅಳತೆ); ‘ವಾರ್ಮ್’ ಅದಕ್ಕೆ ಹತ್ತಿರ. ನಿಮ್ಮ ಕಣ್ಣು ನೀಲಿಗೆ ಒಗ್ಗಿಹೋಗಿದೆ, ಅಷ್ಟೆ. ಅಕ್ಷರಗಳ ಸುತ್ತಲಿನ ಬಿಳಿ ಅಂಚು ಮಾಯವಾಗುವವರೆಗೆ ಶಾರ್ಪ್‌ನೆಸ್ ಇಳಿಸಿ. ಆಮೇಲೆ ಕೋಣೆಯ ದೀಪ ಆರಿಸಿ, ರಾತ್ರಿಯ ದೃಶ್ಯವೊಂದನ್ನು ನಿಲ್ಲಿಸಿ ಕತ್ತಲ ಭಾಗದ ವಿವರಗಳು ಕಾಣುವಂತೆ ಕಪ್ಪಿನ ಮಟ್ಟ ಹೊಂದಿಸಿ. ನಮ್ಮ ಟಿವಿಯಲ್ಲಿ ಬರೀ ಕರಿ ಮುದ್ದೆಯಾಗಿದ್ದ ಕೋಟಿನ ಮಡಿಕೆಗಳು ಒಂದೊಂದಾಗಿ ಮೂಡಿದ ಆ ಸಂಜೆ ನನಗೆ ಇನ್ನೂ ನೆನಪಿದೆ.

ಬೂದು ಛಾಯೆಗಳಲ್ಲಿ ಉಳಿದ ಸಣ್ಣ ಬಣ್ಣದೋಷ ಮಾತ್ರ ಕಣ್ಣಿಗೆ ದಕ್ಕುವುದಿಲ್ಲ. ತಜ್ಞರು ಬಣ್ಣ ಅಳೆಯುವ ಉಪಕರಣವಾದ ಕಲರಿಮೀಟರನ್ನು ಪರದೆಗೆ ಹಿಡಿದು, ಕಪ್ಪಿನಿಂದ ಬಿಳಿಯವರೆಗೆ ಹಂತಹಂತವಾಗಿ ಅಳೆದು ಕೆಂಪು, ಹಸಿರು, ನೀಲಿಯನ್ನು ಸರಿದೂಗಿಸುತ್ತಾರೆ. ಕತ್ತಲೆ ಕೋಣೆಯಲ್ಲಿ ತನ್ಮಯರಾಗಿ ಸಿನಿಮಾ ನೋಡುವವರಾದರೆ ಕರೆಸಿ. ಹಗಲು ವಾರ್ತೆ ನೋಡುವುದಕ್ಕೆ ಅದು ಬೇಡ. ಇನ್ನೊಬ್ಬರ ಟಿವಿಯ ಅಂಕಿಗಳನ್ನು ಮಾತ್ರ ನಕಲು ಮಾಡಬೇಡಿ. ಒಂದೇ ಮಾದರಿಯ ಎರಡು ಪರದೆಗಳೂ ಒಂದೇ ರೀತಿ ಇರುವುದಿಲ್ಲ.