ಗೋಕರ್ಣ ನೋಡಿಯಾಯ್ತು, ಜನ ಕಡಿಮೆ ಇರುವ ಬೀಚ್ ಹತ್ತಿರದಲ್ಲಿ ಎಲ್ಲಿದೆ?

ಅಘನಾಶಿನಿ ಹೊಳೆ ದಾಟಿ. ಉತ್ತರ ಇಷ್ಟೇ, ಆದರೂ ಬಿಡಿಸಿ ಹೇಳುತ್ತೇನೆ.

ಗೋಕರ್ಣದಿಂದ ದಕ್ಷಿಣಕ್ಕೆ ತದಡಿ ಬಂದರು ಇದೆ. ಅಲ್ಲಿ ದೋಣಿ ಹತ್ತಿ ಆಚೆ ದಡದಲ್ಲಿ ಹೊಳೆಯ ಹೆಸರೇ ಇರುವ ಅಘನಾಶಿನಿ ಊರಿಗೆ ಇಳಿದರೆ ಅದು ಕುಮಟಾ ಕಡೆಯ ಕರಾವಳಿ. ಅಲ್ಲಿಂದ ಕಾಗಾಲ, ಬಾಡ, ಕಡ್ಲೆ, ವನ್ನಳ್ಳಿ ಅಂತ ಒಂದಾದ ಮೇಲೊಂದು ಬೀಚ್. ಹೆಸರಲ್ಲಿ ಒಂದು ಗೊಂದಲ ಇದೆ: ಕುಡ್ಲೆ ಇರುವುದು ಗೋಕರ್ಣದಲ್ಲಿ, ನಾನು ಹೇಳುತ್ತಿರುವುದು ಕಡ್ಲೆ. ಮ್ಯಾಪ್‌ನಲ್ಲಿ ಸರಿಯಾಗಿ ಹಾಕಿಕೊಳ್ಳಿ, ನಾನು ಮೊದಲ ಸಲ ಎಡವಿದ್ದೇ ಅಲ್ಲಿ.

ನನಗೆ ಜಾಸ್ತಿ ಇಷ್ಟ ಕಾಗಾಲದ ಕಡೆಯ ಉದ್ದ ಹೊಯ್ಗೆ ದಂಡೆ. ಈಗ ಅದನ್ನು ನಿರ್ವಾಣ ಬೀಚ್ ಅನ್ನುತ್ತಾರೆ, ಹೆಸರು ಕೇಳಿ ಹೆದರಬೇಡಿ. ಒಂದು ಕಡೆ ಗಾಳಿಮರ, ತೆಂಗು, ಇನ್ನೊಂದು ಕಡೆ ಬರೀ ಸಮುದ್ರ. ವಾರದ ನಡುವೆ ಹೋದಾಗ ಒಂದು ಗಂಟೆ ನಡೆದರೂ ನನಗೆ ಸಿಕ್ಕಿದ್ದು ಬಲೆ ಸರಿಮಾಡುತ್ತಿದ್ದ ಇಬ್ಬರು, ಒಂದು ನಾಯಿ. ಶನಿವಾರ ಭಾನುವಾರ ಮಾತ್ರ ಬೆಂಗಳೂರಿನ ಟ್ರೆಕ್ಕಿಂಗ್ ಗುಂಪುಗಳು ಇದೇ ದಾರಿಯಲ್ಲಿ ಗೋಕರ್ಣದವರೆಗೆ ನಡೆಯುತ್ತವೆ, ಹಾಗಾಗಿ "ಯಾರಿಗೂ ಗೊತ್ತಿಲ್ಲದ ಜಾಗ" ಅಂತ ನಾನು ಸುಳ್ಳು ಹೇಳುವುದಿಲ್ಲ.

ಸಮುದ್ರ ಮಾತ್ರ ನೋಡಿ ಬರಬೇಡಿ, ಹೊಳೆಯನ್ನೂ ನೋಡಿ. ಈ ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಇಲ್ಲಿಗೆ ಬಂದು ಸೇರುತ್ತದೆ. ಇಳಿತದ ಹೊತ್ತಿಗೆ ಹೋದರೆ ಜನ ನೀರಿಗಿಳಿದು ಬಳಚು ಅನ್ನುವ ಚಿಪ್ಪುಮೀನು ಹೆಕ್ಕುವುದು ಕಾಣುತ್ತದೆ. ಹೊಳೆಯ ಪಕ್ಕದ, ಉಬ್ಬರದ ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. 2024ರಲ್ಲಿ ಹೊಳೆ ಸಮುದ್ರ ಸೇರುವ ಈ ಅಳಿವೆ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಈಗ ಕಷ್ಟದ ಮಾತು. ಈ ದಂಡೆಗಳು ಚೆನ್ನಾಗಿ ಉಳಿದಿರುವುದೇ ಅಲ್ಲಿ ಹೆಚ್ಚೇನೂ ಇಲ್ಲದ್ದರಿಂದ ಅಲ್ವಾ, ಹಾಗಾಗಿ ಕುಡಿಯುವ ನೀರು ನೀವೇ ಹೊತ್ತುಕೊಂಡು ಹೋಗಬೇಕು. ನಾನು ಹೋದಾಗ ಕಾವಲಿನವರೂ ಕಾಣಲಿಲ್ಲ, ಒಬ್ಬರೇ ಇದ್ದರೆ ಮೊಣಕಾಲಿಗಿಂತ ಆಳಕ್ಕೆ ಹೋಗಬೇಡಿ. ಮಳೆಗಾಲದಲ್ಲಿ ನೀರಿನ ಹತ್ತಿರ ಹೋಗುವುದೇ ಬೇಡ. ಜೂನ್, ಜುಲೈನಲ್ಲಿ ಮೀನು ಹಿಡಿಯುವ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ. ಬೀಚಿನಿಂದ ಬೀಚಿಗೆ ನಡೆಯುವಾಗ ಕೆಲವು ಕಡೆ ಬಂಡೆ ಹತ್ತಿ ದಾಟಬೇಕು, ಉಬ್ಬರ ಇದ್ದಾಗ ಅದು ಅಪಾಯ, ದೋಣಿಯವರನ್ನು ಕೇಳಿದರೆ ಇಳಿತದ ಹೊತ್ತು ಹೇಳುತ್ತಾರೆ. ಹಾಗೇ ಸಂಜೆಯ ಕೊನೆಯ ದೋಣಿ ಎಷ್ಟಕ್ಕೆ ಅಂತಲೂ ಕೇಳಿಕೊಳ್ಳಿ! ಸೂರ್ಯ ಮುಳುಗುವುದನ್ನು ನೋಡುತ್ತಾ ಕೂತು ನಾನು ಅದನ್ನು ತಪ್ಪಿಸಿಕೊಂಡೆ. ಆಚೆ ದಡದ ದೀಪ ಕಣ್ಣೆದುರಿಗೇ ಕಾಣುತ್ತಿದ್ದರೂ, ಆಟೋ ಹಿಡಿದು ಕುಮಟಾ, ಮಿರ್ಜಾನ್, ಮಾದನಗೇರಿ ಅಂತ ಊರೆಲ್ಲ ಸುತ್ತಿ ಗೋಕರ್ಣದ ರೂಮಿಗೆ ಬಂದೆ.

ಅದಕ್ಕೇ ಈಗ ಕುಮಟಾದಲ್ಲೇ ಉಳಿಯುತ್ತೇನೆ. ಬೆಂಗಳೂರಿನಿಂದ ಪಂಚಗಂಗಾ ರೈಲಿನಲ್ಲಿ ಸಂಜೆ ಹೊರಟರೆ ಬೆಳಿಗ್ಗೆ ಕುಮಟಾ. ಡಿಸೆಂಬರ್, ಜನವರಿ ಒಳ್ಳೆ ಸಮಯ. ಸೆಕೆ ತಡೆಯುತ್ತೀರಿ ಅಂದರೆ ಏಪ್ರಿಲ್‌ನಲ್ಲೂ ಬನ್ನಿ, ಆಗ ಹೆದ್ದಾರಿ ಪಕ್ಕ ಕುಮಟಾದ ಸಿಹಿ ಈರುಳ್ಳಿಯನ್ನು ಜಡೆ ಹೆಣೆದು ತೂಗುಹಾಕಿರುತ್ತಾರೆ. ನಮ್ಮ ಮನೆಯಲ್ಲಿ ನನ್ನ ಫೋಟೋಗಳಿಗಿಂತ ಅದಕ್ಕೇ ಜಾಸ್ತಿ ಕಾಯುತ್ತಾರೆ.